ದಾದರ್‌ನಿಂದ ಥಿಯೇಟರಿನ ಬಾಗಿಲವರೆಗೆ

ದೂರದೂರಿನ ರೈಲುಗಳಿಂದ ಮುಂಬೈನ ದಾದರ್ ನಿಲ್ದಾಣದಲ್ಲಿ ಇಳಿಯುವವರಲ್ಲಿ ಕೆಲವರು ಬೇರೆಯಾಗಿಯೇ ಕಾಣುತ್ತಾರೆ. ಬಟ್ಟೆಬರೆಯ ಚೀಲದ ಜೊತೆಗೆ ಸ್ಕ್ಯಾನ್ ಫಿಲಂಗಳ ಅಗಲವಾದ ಲಕೋಟೆಯನ್ನು ಮಡಿಕೆ ಬೀಳದಂತೆ ಎದೆಗವಚಿ ಹಿಡಿದಿರುತ್ತಾರೆ. ಒಬ್ಬರು ದವಡೆ ಮುಚ್ಚುವಂತೆ ಟವೆಲ್ ಸುತ್ತಿಕೊಂಡಿರುತ್ತಾರೆ, ಇನ್ನೊಬ್ಬರು ಮಗನ ಹೆಗಲು ಹಿಡಿದು ಮೆಲ್ಲಗೆ ಹೆಜ್ಜೆ ಹಾಕುತ್ತಿರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಬರುತ್ತಾರೆ, ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯವರು. ಹೊರಗೆ ಬಂದು ಟ್ಯಾಕ್ಸಿಯವನಿಗೆ ‘ಟಾಟಾ’ ಎಂದರೆ ಸಾಕು, ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯ ಮುಂದೆ ತಂದು ಇಳಿಸುತ್ತಾನೆ.

ನಾನು ಈ ದಾರಿಯನ್ನು ನಡೆದೇ ಹೋದೆ. ನಿಧಾನಕ್ಕೆ ನಡೆದರೆ ಅರ್ಧ ಗಂಟೆಯ ದಾರಿ. ಕ್ಯಾನ್ಸರ್ ರೋಗಿಯೊಬ್ಬ ರೈಲು ಇಳಿದಲ್ಲಿಂದ ಆಪರೇಷನ್ ಥಿಯೇಟರಿನ ಬಾಗಿಲವರೆಗೆ ದಾಟಬೇಕಾದ ಒಂದೊಂದು ಮೆಟ್ಟಿಲಿನ ಮುಂದೆಯೂ ನಿಂತು, 2020 ಮತ್ತು 2021ರಲ್ಲಿ ಇಲ್ಲಿ ಏನಾಯಿತು ಎಂದು ನೋಡಬೇಕಿತ್ತು. ಕೊರೊನಾ ಕಾಲದ ಲೆಕ್ಕ ಹಾಕುವಾಗ ನಾವು ಸೋಂಕು ತಗುಲಿದವರನ್ನೂ ಅದರಿಂದ ಸತ್ತವರನ್ನೂ ಎಣಿಸಿದೆವು. ಸೋಂಕೇ ತಗುಲದೆ, ಆಗಬೇಕಿದ್ದ ಆಪರೇಷನ್ ಆಗದೆ ನಷ್ಟಪಟ್ಟವರ ಲೆಕ್ಕ ಇನ್ನೂ ಸರಿಯಾಗಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಲೆಕ್ಕವನ್ನು ಓದಲು ಇದಕ್ಕಿಂತ ತಕ್ಕ ಬೀದಿ ನಮ್ಮ ದೇಶದಲ್ಲಿ ಬೇರೊಂದಿಲ್ಲ.

ಮೊದಲು ಮುಚ್ಚಿದ್ದು ನಿಲ್ದಾಣ

ದಾದರ್‌ನ ಪಾದಚಾರಿ ಸೇತುವೆಯ ಮೇಲೆ ನಿಂತರೆ ಕೆಳಗೆ ಲೋಕಲ್ ರೈಲುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಈ ಹಳಿಗಳು ಸುಮ್ಮನಾದದ್ದನ್ನು ಮುಂಬೈಯವರು ಇಂದಿಗೂ ನಂಬಲಾಗದ ಸಂಗತಿಯಂತೆ ಹೇಳುತ್ತಾರೆ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದಲೇ ದೇಶದ ಪ್ರಯಾಣಿಕ ರೈಲುಗಳು ನಿಂತವು, ಅಂದು ಮಧ್ಯರಾತ್ರಿ ಲೋಕಲ್‌ಗಳೂ ನಿಂತವು. ಮಾರ್ಚ್ 25ರಿಂದ ಲಾಕ್‌ಡೌನ್. ಲೋಕಲ್ ಮತ್ತೆ ಓಡಿದ್ದು ಜೂನ್ 15ಕ್ಕೆ, ಅದೂ ಅವಶ್ಯಕ ಸೇವೆಯ ಸಿಬ್ಬಂದಿಗೆ ಮಾತ್ರ.

ಆಸ್ಪತ್ರೆ ತೆರೆದಿತ್ತು, ಅದಕ್ಕೆ ಹೋಗುವ ದಾರಿ ಮುಚ್ಚಿತ್ತು. ಸುರಪುರದ ಹಳ್ಳಿಯೊಂದರಲ್ಲಿ ನಾಲಿಗೆಯ ಮೇಲೆ ವಾಸಿಯಾಗದ ಹುಣ್ಣಾದವನಿಗೆ ಆಗ ಬಯಾಪ್ಸಿ ಮಾಡಿಸಲು ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸೂ ಇರಲಿಲ್ಲ. ಇದ್ದಿದ್ದರೂ, ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಎಂಬ ಭಯ ಮನೆಯವರನ್ನು ಹೊಸ್ತಿಲಲ್ಲೇ ತಡೆಯುತ್ತಿತ್ತು. ರಾಜ್ಯದ ಗಡಿ ದಾಟಲು ಪಾಸ್ ಬೇಕು, ಪಾಸ್ ಸಿಕ್ಕರೆ ಬಾಡಿಗೆ ಗಾಡಿಗೆ ದುಡ್ಡು ಬೇಕು, ದುಡಿಮೆಯೇ ನಿಂತ ದಿನಗಳಲ್ಲಿ ಆ ದುಡ್ಡು ಯಾರಲ್ಲಿತ್ತು?

ಇದರ ಗುರುತು ಅಂಕಿಗಳಲ್ಲಿ ಉಳಿದಿದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ 41 ಕೇಂದ್ರಗಳು 2020ರ ಮಾರ್ಚ್‌ನಿಂದ ಮೇವರೆಗಿನ ತಮ್ಮ ಕೆಲಸವನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿದವು. ಆ ಅಧ್ಯಯನ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 2019ರಲ್ಲಿ 1,12,270 ಹೊಸ ರೋಗಿಗಳು ಹೆಸರು ನೋಂದಾಯಿಸಿದ್ದ ಕಡೆ 2020ರಲ್ಲಿ ಬಂದವರು 51,760. ಶೇ. 54ರಷ್ಟು ಇಳಿತ. ಕ್ಯಾನ್ಸರ್ ಆ ವರ್ಷ ಕಡಿಮೆಯಾಗಿರಲಿಲ್ಲ. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಗಂಟು, ಹುಣ್ಣು, ರಕ್ತಸ್ರಾವಗಳ ಜೊತೆ ಮನೆಯಲ್ಲೇ ಉಳಿದಿದ್ದರು, ಅಷ್ಟೇ. ಇಳಿತ ಹೆಚ್ಚಾಗಿ ಕಂಡದ್ದೂ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ. ದೂರದಿಂದ ಬರುವವರನ್ನೇ ನೆಚ್ಚಿದ ಆಸ್ಪತ್ರೆಗಳು ಅವು.

ಫುಟ್‌ಪಾತಿನ ವಾಸ್ತವ್ಯ

ನಿಲ್ದಾಣದ ಪೂರ್ವಕ್ಕೆ ಇಳಿದು ಬಾಬಾಸಾಹೇಬ್ ಅಂಬೇಡ್ಕರ್ ರಸ್ತೆ ಹಿಡಿದರೆ ಹಿಂದ್‌ಮಾತಾ ಸಿಗುತ್ತದೆ. ಮಳೆಗಾಲದಲ್ಲಿ ಮೊದಲು ನೀರು ನಿಲ್ಲುವ ತಗ್ಗು ಎಂದು ಊರಿಗೆಲ್ಲ ಗೊತ್ತಿರುವ ಜಾಗ. ಇಲ್ಲಿಯ ಮೇಲ್ಸೇತುವೆಯ ಕೆಳಗೆ ಲಾಕ್‌ಡೌನ್ ದಿನಗಳಲ್ಲಿ ಕ್ಯಾನ್ಸರ್ ರೋಗಿಗಳು ಮತ್ತು ಅವರ ಮನೆಯವರು ಮಲಗಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಈಗ ಅಲ್ಲಿ ವಾಹನಗಳ ಸದ್ದು ಮಾತ್ರ. ಆದರೆ ಆಸ್ಪತ್ರೆ ಹತ್ತಿರವಾದಂತೆ ಫುಟ್‌ಪಾತಿನ ಮೇಲೆ ಅದೇ ಬದುಕು ಮತ್ತೆ ಕಾಣಿಸುತ್ತದೆ. ಗೋಡೆಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ, ಅದರಡಿ ಚಾಪೆ, ನೀರಿನ ಕ್ಯಾನು, ಔಷಧದ ಚೀಟಿಗಳ ಕಟ್ಟು. ಮೂಗಿಗೆ ಆಹಾರದ ನಳಿಕೆ ಹಾಕಿದ ಒಬ್ಬರಿಗೆ ಹೆಂಡತಿ ಸಿರಿಂಜಿನಲ್ಲಿ ತಿಳಿಯಾದ ಗಂಜಿ ಹನಿಸುತ್ತಿದ್ದರು. ಭೋಜಪುರಿ, ಬಂಗಾಳಿ, ಮರಾಠಿ, ನಡುವೆ ಬೀದರ್ ಕಡೆಯ ಕನ್ನಡ. ಯಾವುದಾದರೊಂದು ಸೇವಾ ಸಂಸ್ಥೆಯ ಊಟದ ಗಾಡಿ ಬರುವ ಹೊತ್ತಿಗೆ ಸಾಲು ತಾನಾಗಿ ಏರ್ಪಡುತ್ತದೆ.

ಆರೋಗ್ಯವಂತರಿಗೆ ಇದು ಅರ್ಥವಾಗುವುದು ಕಷ್ಟ. ಆಸ್ಪತ್ರೆ ಸಿಕ್ಕರೂ ಇವರು ಏಕೆ ಬೀದಿಯಲ್ಲಿದ್ದಾರೆ? ಕ್ಯಾನ್ಸರ್ ಚಿಕಿತ್ಸೆ ಒಂದು ದಿನದ ಕೆಲಸವಲ್ಲ. ಪರೀಕ್ಷೆಗಳಿಗೆ ಕೆಲವು ವಾರ, ಮೊದಲು ಕೀಮೋ ಇದ್ದರೆ ಕೆಲವು ತಿಂಗಳು, ಆಮೇಲೆ ಆಪರೇಷನ್, ಅದಾದ ಮೇಲೆ ಊರಿನವರು ‘ಕರೆಂಟ್ ಕೊಡಿಸೋದು’ ಎನ್ನುವ ವಿಕಿರಣ ಚಿಕಿತ್ಸೆಗೆ ಮತ್ತೆ ಐದಾರು ವಾರ. ಅಷ್ಟು ಕಾಲ ಮುಂಬೈನಲ್ಲಿ ಬಾಡಿಗೆ ಕೊಟ್ಟು ಇರಲು ಯಾರಿಗೆ ಸಾಧ್ಯ? ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆ, ಬಾಂದ್ರಾದ ಬೋರ್ಜಿಸ್ ಸ್ಮಾರಕ ವಸತಿಗೃಹ, ಮಕ್ಕಳಿಗಾಗಿ ಸೇಂಟ್ ಜೂಡ್ ಕೇಂದ್ರಗಳು ಎಷ್ಟೋ ಕುಟುಂಬಗಳಿಗೆ ನೆರಳಾಗಿವೆ. ಆದರೆ ಬರುವವರ ಸಂಖ್ಯೆಯ ಮುಂದೆ ಎಷ್ಟು ಕೋಣೆಗಳಿದ್ದರೂ ಸಾಲದು.

ಹೊರಗಿನಿಂದ ನೋಡಿದರೆ ಈ ಫುಟ್‌ಪಾತ್ ಆಪರೇಷನ್ ಥಿಯೇಟರಿಗೆ ಸಂಬಂಧಪಡದ ಜಾಗ. ಸರ್ಜನ್ನರನ್ನು ಕೇಳಿದರೆ ಗೊತ್ತಾಗುತ್ತದೆ, ಸಂಬಂಧ ಎಷ್ಟು ನೇರವಾದದ್ದು ಎಂದು. ಅನ್ನನಾಳದ ಕ್ಯಾನ್ಸರಿಗೆ ಆಪರೇಷನ್ ಆಗಬೇಕಾದವನು ಅದಕ್ಕೆ ಮುನ್ನ ಚೆನ್ನಾಗಿ ಉಣ್ಣಬೇಕು, ಉಸಿರಿನ ವ್ಯಾಯಾಮ ಮಾಡಬೇಕು, ಸೋಂಕಿಲ್ಲದೆ ಇರಬೇಕು. ಅಂತರ ಕಾಯ್ದುಕೊಳ್ಳಿ, ಕೈ ತೊಳೆಯಿರಿ, ಮನೆಯಲ್ಲೇ ಇರಿ ಎಂದು ಸರ್ಕಾರ ಹೇಳುತ್ತಿದ್ದಾಗ ಈ ಬೀದಿಯವರಿಗೆ ಅಂತರವೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ, ಮನೆ ಐನೂರು ಕಿಲೋಮೀಟರ್ ಆಚೆ ಇತ್ತು.

ಸಾಂಕ್ರಾಮಿಕಗಳನ್ನು ಬಲ್ಲ ಬಡಾವಣೆ

ಪರೇಲ್ ಗಿರಣಿಗಳ ಊರಾಗಿದ್ದದ್ದು ಎಲ್ಲರಿಗೂ ಗೊತ್ತು. ಅದು ಪ್ಲೇಗಿನ ಊರೂ ಹೌದು. ಆಸ್ಪತ್ರೆಗಳ ಈ ಗುಂಪಿನ ನಡುವೆಯೇ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡವಿದೆ. ಮೊದಲು ಅದು ಗವರ್ನರರ ಬಂಗಲೆ. ಬೊಂಬಾಯಿಗೆ 1896ರಲ್ಲಿ ಪ್ಲೇಗು ಬಂತು. 1897ರಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಅದಕ್ಕೆ ಲಸಿಕೆ ಸಿದ್ಧಪಡಿಸಿದರು. 1899ರಲ್ಲಿ ಅವರ ಪ್ರಯೋಗಾಲಯ ಈ ಬಂಗಲೆಗೆ ಬಂತು. ಅದೇ ಪ್ಲೇಗಿನ ಹೊತ್ತಿಗೆ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಮಾರ್ಚ್‌ನಲ್ಲಿ ರಾಜ್ಯಗಳು ಮತ್ತೆ ಜಾರಿಗೆ ತಂದವು.

ಪಕ್ಕದಲ್ಲೇ 1926ರಿಂದ ನಡೆಯುತ್ತಿರುವ ಕೆಇಎಂ ಆಸ್ಪತ್ರೆ, ಮಹಾನಗರ ಪಾಲಿಕೆಯದು. ಕೊರೊನಾ ಏರಿದಂತೆ ಅಲ್ಲಿಯ ವಾರ್ಡುಗಳು ಒಂದೊಂದಾಗಿ ಕೋವಿಡ್ ವಾರ್ಡುಗಳಾದವು. ಕೆಲವೇ ಹೆಜ್ಜೆ ದೂರದಲ್ಲಿ ಟಾಟಾ. ಲೇಡಿ ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತಿ ದೊರಾಬ್ಜಿಯವರ ಹೆಸರಿನ ಟ್ರಸ್ಟ್ 1941ರ ಫೆಬ್ರವರಿ 28ರಂದು ಈ ಆಸ್ಪತ್ರೆಯನ್ನು ತೆರೆಯಿತು. 1962ರಿಂದ ಇದು ಪರಮಾಣು ಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಆಸ್ಪತ್ರೆಯ ಮುಂದಿನ ರಸ್ತೆಗೆ ಡಾ. ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ಇಲ್ಲಿಯೇ ದುಡಿದ ಗೋವಾ ಮೂಲದ ಕ್ಯಾನ್ಸರ್ ಸರ್ಜನ್ ಅವರು.

ಒಂದು ಬದಿಗೆ ಸೋಂಕಿನ ವಿರುದ್ಧ ಹೋರಾಡುವ ಆಸ್ಪತ್ರೆ, ಇನ್ನೊಂದು ಬದಿಗೆ ಸೋಂಕನ್ನು ತಾಳಲಾರದ ರೋಗಿಗಳ ಆಸ್ಪತ್ರೆ. 2020ರ ಬೇಸಿಗೆಯಲ್ಲಿ ಮುಂಬೈ ದೇಶದಲ್ಲೇ ಹೆಚ್ಚು ಸೋಂಕಿನ ನಗರಗಳಲ್ಲೊಂದಾಗಿದ್ದಾಗ ಟಾಟಾದ ವೈದ್ಯರು ನಿಂತಿದ್ದದ್ದು ಈ ಎರಡರ ನಡುವಿನ ರಸ್ತೆಯಲ್ಲಿ.

ಓಪಿಡಿಯಲ್ಲಿ ಆದ ನಿರ್ಧಾರ

ಗೇಟಿನೊಳಗೆ ಬಂದರೆ ಹಳೆಯ ಮುಖ್ಯ ಕಟ್ಟಡ, ಸುವರ್ಣ ಮಹೋತ್ಸವ ಕಟ್ಟಡ, ಹೋಮಿ ಭಾಭಾ ಬ್ಲಾಕ್. ಓಪಿಡಿಯ ಮುಂದೆ ಕುರ್ಚಿ ತುಂಬಿ ಗೋಡೆಗೊರಗಿ ನಿಂತ ಜನ. ಫೈಲ್ ಹಿಡಿದ ಕೈಗಳು, ಹೆಸರು ಕರೆದಾಗ ಒಮ್ಮೆಲೇ ಏಳುವ ಮೂರು ಮಂದಿಯ ಕುಟುಂಬಗಳು. ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತದೆ: ಡೇಟ್ ಸಿಕ್ಕಿತೇ? ಆಪರೇಷನ್ನಿನ ತಾರೀಖು ಕೈಗೆ ಬಂದರೆ ಅರ್ಧ ರೋಗ ವಾಸಿಯಾದಂತೆ ಮುಖ ತಿಳಿಯಾಗುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಆ ತಾರೀಖುಗಳೇ ಪ್ರಶ್ನೆಯಾದವು. ಆಗ ಜಗತ್ತಿನ ಬಹಳಷ್ಟು ದೇಶಗಳ ಸಲಹೆ ಒಂದೇ ರೀತಿಯಾಗಿತ್ತು, ಜೀವಕ್ಕೆ ಕೂಡಲೇ ಅಪಾಯವಿಲ್ಲದ ಆಪರೇಷನ್‌ಗಳನ್ನೆಲ್ಲ ಮುಂದೂಡಿ, ಹಾಸಿಗೆ ಮತ್ತು ವೆಂಟಿಲೇಟರ್‌ಗಳನ್ನು ಕೋವಿಡ್‌ಗೆ ಬಿಟ್ಟುಕೊಡಿ ಎಂದು. ಆ ಸಲಹೆಯ ಹಿಂದೆ ನಿಜವಾದ ಭಯವಿತ್ತು. ಕೋವಿಡ್ ಇದ್ದವರಿಗೆ ಆಪರೇಷನ್ ಆದರೆ ಏನಾಗುತ್ತದೆ ಎಂದು ‘ಕೋವಿಡ್‌ಸರ್ಜ್’ ಎಂಬ ಅಂತರರಾಷ್ಟ್ರೀಯ ಸರ್ಜನ್ನರ ಕೂಟ 2020ರ ಮೇ ತಿಂಗಳಲ್ಲಿ ‘ಲ್ಯಾನ್ಸೆಟ್’ನಲ್ಲಿ ತಿಳಿಸಿತು. 1,128 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಶ್ವಾಸಕೋಶದ ತೊಂದರೆ, ಮೂವತ್ತು ದಿನಗಳೊಳಗೆ ಶೇ. 23.8ರಷ್ಟು ಮಂದಿಯ ಸಾವು. ಇಂಥ ಅಂಕಿ ಎದುರಿಗಿಟ್ಟುಕೊಂಡು ಯಾವ ಸರ್ಜನ್ ತಾನೆ ಧೈರ್ಯವಾಗಿ ಚಾಕು ಹಿಡಿದಾನು?

ಆದರೂ ಟಾಟಾ ಆಸ್ಪತ್ರೆ ಆಪರೇಷನ್ ನಿಲ್ಲಿಸಲಿಲ್ಲ. ಟಾಟಾ ಸ್ಮಾರಕ ಕೇಂದ್ರದ ಆಗಿನ ನಿರ್ದೇಶಕ ಡಾ. ರಾಜೇಂದ್ರ ಬಡ್ವೆ ಮತ್ತು ಆಸ್ಪತ್ರೆಯ ನಿರ್ದೇಶಕ ಡಾ. ಸಿ.ಎಸ್. ಪ್ರಮೇಶ್ ಆ ಏಪ್ರಿಲ್‌ನಲ್ಲೇ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಭಾರತದ ಕ್ಯಾನ್ಸರ್ ಚಿಕಿತ್ಸೆಯ ಈ ಇಕ್ಕಟ್ಟಿನ ಬಗ್ಗೆ ಬರೆದರು. ಇಬ್ಬರೂ ಸರ್ಜನ್ನರು. ಇಂದು ಕತ್ತರಿಸಿ ತೆಗೆಯಬಹುದಾದ ಗಡ್ಡೆ ಮೂರು ತಿಂಗಳ ನಂತರವೂ ಹಾಗೆಯೇ ಇರುವುದಿಲ್ಲ ಎಂಬುದು ಅವರಿಗೆ ದಿನನಿತ್ಯ ಕಣ್ಣಿಗೆ ಕಾಣುವ ಸಂಗತಿ.

ಯಾರು ಕಾಯಬಹುದು, ಯಾರು ಕಾಯಲಾಗದು

ಎಲ್ಲರಿಗೂ ಆಪರೇಷನ್ ಮಾಡುವುದೂ ಆಗದು, ಯಾರಿಗೂ ಮಾಡದಿರುವುದೂ ಆಗದು. ಹಾಗಾದರೆ ಆರಿಸುವುದು ಹೇಗೆ? ಈ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರು ಒಬ್ಬರೇ ಕುಳಿತು ತೀರ್ಮಾನಿಸುವುದಿಲ್ಲ. ಬಾಯಿ ಮತ್ತು ಗಂಟಲು, ಸ್ತನ, ಜಠರ ಮತ್ತು ಕರುಳು, ಎದೆಗೂಡು, ಮೂಳೆ, ಸ್ತ್ರೀರೋಗ, ಹೀಗೆ ಒಂದೊಂದು ಬಗೆಯ ಕ್ಯಾನ್ಸರಿಗೂ ಒಂದೊಂದು ತಂಡವಿದೆ. ಸರ್ಜನ್, ಕೀಮೋ ವೈದ್ಯರು, ವಿಕಿರಣ ತಜ್ಞರು, ಪೆಥಾಲಜಿಯವರು ಒಟ್ಟಿಗೆ ಕುಳಿತು ಫೈಲ್ ನೋಡುತ್ತಾರೆ. ಬೇರೆ ಬೇರೆ ವಿದ್ಯೆಯವರು ಹೀಗೆ ಒಂದೇ ಮೇಜಿಗೆ ಬರುವ ರೂಢಿ ಸಾಂಕ್ರಾಮಿಕದ ಹೊತ್ತಿನಲ್ಲಿ ಬಹಳ ದೊಡ್ಡ ಆಸರೆಯಾಗುತ್ತದೆ.

ಕೆಲವು ಕ್ಯಾನ್ಸರ್‌ಗಳಿಗೆ ಸಮಯ ಕೊಡಬಹುದು. ಥೈರಾಯ್ಡಿನ ಸಾಮಾನ್ಯ ಬಗೆಯ ಕ್ಯಾನ್ಸರ್ ನಿಧಾನಿ, ಕೆಲವು ತಿಂಗಳು ಕಾದರೂ ಕೇಡಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿಗೆ ಮಾತ್ರೆ ಆರಂಭಿಸಿ ಆಪರೇಷನ್ನನ್ನು ಸ್ವಲ್ಪ ಮುಂದಕ್ಕೆ ಹಾಕಬಹುದು. ಪ್ರಾಸ್ಟೇಟಿಗೂ ಹಾರ್ಮೋನ್ ಇಂಜೆಕ್ಷನ್ನಿನ ದಾರಿಯಿದೆ. ಗುದನಾಳದ ಕ್ಯಾನ್ಸರಿಗೆ ಐದೇ ದಿನಗಳ ವಿಕಿರಣ ಕೊಟ್ಟು ಕೆಲವು ವಾರ ಕಾಯುವ ಪದ್ಧತಿ ಮೊದಲೇ ಇತ್ತು, ಆಗ ಅದು ಹೆಚ್ಚು ಬಳಕೆಗೆ ಬಂತು.

ಇನ್ನು ಕೆಲವಕ್ಕೆ ಬೇರೆ ದಾರಿಯೇ ಇಲ್ಲ. ನಮ್ಮ ನಾಡಿನಲ್ಲಿ ತಂಬಾಕು, ಗುಟ್ಕಾ, ಅಡಿಕೆಗಳ ದೆಸೆಯಿಂದ ಹೆಚ್ಚಾಗಿರುವ ಬಾಯಿಯ ಕ್ಯಾನ್ಸರಿಗೆ ಮೊದಲ ಮದ್ದೇ ಆಪರೇಷನ್. ಕೆನ್ನೆಯ ಒಳಗಿನ ಹುಣ್ಣು ದವಡೆಯ ಮೂಳೆಗೆ ಇಳಿದರೆ ದವಡೆ ತೆಗೆಯಬೇಕು, ಅಲ್ಲಿಂದ ತಲೆಬುರುಡೆಯ ಬುಡದತ್ತ ಹರಡಿದರೆ ತೆಗೆಯುವುದೇ ಅಸಾಧ್ಯ. ಈ ಎರಡರ ನಡುವಿನ ಅಂತರ ಕೆಲವೊಮ್ಮೆ ವಾರಗಳದ್ದು. ಸಂಕಟವೆಂದರೆ ಕೋವಿಡ್ ವೈರಸ್ ನೆಲೆಸುವುದೂ ಮೂಗು, ಬಾಯಿ, ಗಂಟಲಿನಲ್ಲಿ. ಆ ಜಾಗದಲ್ಲಿ ಗಂಟೆಗಟ್ಟಲೆ ಮುಖ ಬಗ್ಗಿಸಿ ಕೆಲಸ ಮಾಡುವ ಸರ್ಜನ್ನಿಗೆ, ಉಸಿರುನಳಿಕೆ ಹಾಕುವ ಅರಿವಳಿಕೆ ವೈದ್ಯರಿಗೆ ಸೋಂಕಿನ ಅಪಾಯ ಎಲ್ಲರಿಗಿಂತ ಹೆಚ್ಚು. ಕಾಯಲಾಗದ ರೋಗಿಯೂ ಹೆಚ್ಚು ಅಪಾಯದ ಆಪರೇಷನ್ನೂ ಒಂದೇ ಮೇಜಿನ ಮೇಲೆ ಸೇರಿದ್ದು ಇಲ್ಲಿ.

ಥಿಯೇಟರಿನ ಬಾಗಿಲು

ಥಿಯೇಟರುಗಳಿರುವ ಕಡೆಗೆ ಹೋಗುವ ಕಾರಿಡಾರಿನಲ್ಲಿ ನಮ್ಮಂಥವರಿಗೆ ಪ್ರವೇಶ ಬಾಗಿಲವರೆಗೆ ಮಾತ್ರ. ಸ್ಟ್ರೆಚರ್ ಒಳಗೆ ಹೋಗುತ್ತದೆ, ಜೊತೆಗೆ ಬಂದವರು ಅಲ್ಲೇ ನಿಲ್ಲುತ್ತಾರೆ. ನಾನು ನಿಂತಿದ್ದಷ್ಟು ಹೊತ್ತು ಮಧ್ಯವಯಸ್ಸಿನ ಮಹಿಳೆಯೊಬ್ಬರು ಒಳಗೆ ಹೋದ ಗಂಡನ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಆ ಬಾಗಿಲಿನ ಒಳಗೆ 2020ರಲ್ಲಿ ಕೆಲಸ ನಿಧಾನವಾಗಿತ್ತು, ಭಾರವಾಗಿತ್ತು. ಎನ್95 ಮಾಸ್ಕ್, ಅದರ ಮೇಲೆ ಇನ್ನೊಂದು, ಕನ್ನಡಕ, ಮುಖದ ಕವಚ, ಮೈತುಂಬ ಪ್ಲಾಸ್ಟಿಕ್ ಉಡುಪು. ಉಸಿರುನಳಿಕೆ ಹಾಕಿದ ಮೇಲೆ ಕೋಣೆಯ ಗಾಳಿ ಬದಲಾಗುವವರೆಗೆ ಬಾಕಿ ಸಿಬ್ಬಂದಿ ಹೊರಗೆ ಕಾಯಬೇಕು. ಆಪರೇಷನ್ ಮುಗಿದ ಮೇಲೆ ಕೋಣೆ ಶುಚಿಯಾಗಲು ಮತ್ತಷ್ಟು ಹೊತ್ತು. ಲ್ಯಾಪರೊಸ್ಕೋಪಿ ಆಪರೇಷನ್ನಿನಲ್ಲಿ ಹೊಟ್ಟೆಗೆ ತುಂಬುವ ಅನಿಲದ ಜೊತೆ ವೈರಸ್ ಹೊರಬರಬಹುದೇ ಎಂಬ ಅನುಮಾನದಿಂದ ಆರಂಭದಲ್ಲಿ ಅದರಲ್ಲೂ ಎಚ್ಚರಿಕೆ. ರಕ್ತದಾನ ಶಿಬಿರಗಳಿಲ್ಲದೆ ರಕ್ತನಿಧಿಗಳು ಬರಿದಾಗುತ್ತಿದ್ದವು. ಯಕೃತ್ತು, ಮೇದೋಜೀರಕ ಗ್ರಂಥಿಯಂಥ ದೊಡ್ಡ ಆಪರೇಷನ್‌ಗಳನ್ನು ರಕ್ತದ ಭರವಸೆ ಇಲ್ಲದೆ ಶುರುಮಾಡಲಾಗದು. ಲೋಕಲ್ ಇಲ್ಲದ ಊರಿನಲ್ಲಿ ಕಲ್ಯಾಣ, ವಿರಾರ್ ಕಡೆಯ ನರ್ಸುಗಳು, ವಾರ್ಡಿನ ಆಯಾಗಳು ಕೆಲಸಕ್ಕೆ ಬರುವುದೇ ಒಂದು ಸಾಹಸ. ಬಂದವರಲ್ಲಿ ಸೋಂಕು ಕಂಡರೆ ಇಡೀ ಪಾಳಿ ಕ್ವಾರಂಟೈನ್.

ಇಷ್ಟರ ನಡುವೆ ಮಾರ್ಚ್ 23ರಿಂದ ಏಪ್ರಿಲ್ 30ರವರೆಗೆ ಇಲ್ಲಿ 494 ದೊಡ್ಡ ಕ್ಯಾನ್ಸರ್ ಆಪರೇಷನ್‌ಗಳು ನಡೆದವು. ಇದರ ವರದಿಯನ್ನು ಡಾ. ಶೈಲೇಶ್ ಶ್ರೀಖಂಡೆ ಮತ್ತು ಸಂಗಡಿಗರು ಅದೇ ವರ್ಷ ‘ಅನಲ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರೀಕ್ಷಾ ಸೌಲಭ್ಯ ಆಗಿನ್ನೂ ಬಿಗಿಯಾಗಿದ್ದ ಕಾಲ. 377 ಮಂದಿಗೆ ಕೋವಿಡ್ ಪರೀಕ್ಷೆಯೇ ಆಗದೆ, ರೋಗಲಕ್ಷಣ ವಿಚಾರಿಸಿಯೇ ಆಪರೇಷನ್ ಮಾಡಬೇಕಾಯಿತು. ಪರೀಕ್ಷೆ ಆದವರು 117. ಇವು ಸಣ್ಣಪುಟ್ಟ ಆಪರೇಷನ್‌ಗಳಲ್ಲ, ಶೇ. 85ಕ್ಕೂ ಹೆಚ್ಚು ಅತಿ ಜಟಿಲವಾದವು. ರೋಗಿಗಳ ಸರಾಸರಿ ವಯಸ್ಸು 48ರ ಆಸುಪಾಸು. ಗಂಭೀರ ತೊಂದರೆ ಕಂಡದ್ದು 28 ಮಂದಿಯಲ್ಲಿ, ಅಂದರೆ ಶೇ. 5.6. ಆಪರೇಷನ್ ನಂತರ ಪರೀಕ್ಷಿಸಿದವರಲ್ಲಿ ಆರು ಮಂದಿಗೆ ಕೋವಿಡ್ ಇತ್ತು, ಆ ಆರು ಮಂದಿಯೂ ಗುಣಮುಖರಾದರು. 494 ಮಂದಿಯಲ್ಲಿ ಆಪರೇಷನ್ ನಂತರ ಸತ್ತವರು ಒಬ್ಬರೂ ಇಲ್ಲ.

ಈ ಕೊನೆಯ ಸಾಲನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಭಯದ ಅಂಕಿಗಳಷ್ಟೇ ಜಗತ್ತಿನ ಮುಂದಿದ್ದಾಗ, ರೋಗಿಯನ್ನು ಸರಿಯಾಗಿ ಆರಿಸಿ, ಸಿಬ್ಬಂದಿಯನ್ನು ಕಾಪಾಡಿಕೊಂಡು, ಕೋವಿಡ್ ಇರುವವರಿಂದ ದೂರವಿಟ್ಟು ಮಾಡಿದರೆ ಕ್ಯಾನ್ಸರ್ ಆಪರೇಷನ್ ಸುರಕ್ಷಿತ ಎಂದು ಪರೇಲ್‌ನ ಈ ಕಾರಿಡಾರ್ ತೋರಿಸಿಕೊಟ್ಟಿತು. ಮರುವರ್ಷ 55 ದೇಶಗಳ 9,171 ಕ್ಯಾನ್ಸರ್ ರೋಗಿಗಳ ಅಧ್ಯಯನವೂ ಅದನ್ನೇ ಹೇಳಿತು. ಥಿಯೇಟರ್, ಐಸಿಯು, ವಾರ್ಡು ಮೂರನ್ನೂ ಕೋವಿಡ್‌ನಿಂದ ಪೂರ್ತಿ ಬೇರೆಯಾಗಿಟ್ಟ ಕಡೆ ಶ್ವಾಸಕೋಶದ ತೊಂದರೆ ಶೇ. 2.2, ಹಾಗೆ ಇಡದ ಕಡೆ ಶೇ. 4.9.

ಎರಡನೇ ಅಲೆಯ ಪಾಠ

2021ರ ಏಪ್ರಿಲ್, ಮೇ ತಿಂಗಳ ಕತೆ ಬೇರೆ. ಮೊದಲ ಅಲೆಯಲ್ಲಿ ದಾರಿ ಮುಚ್ಚಿತ್ತು, ಎರಡನೆಯದರಲ್ಲಿ ಹಾಸಿಗೆ ಮತ್ತು ಆಮ್ಲಜನಕಕ್ಕೆ ಬರ. ಅನ್ನನಾಳ ತೆಗೆದ ರೋಗಿಗೆ ಮೊದಲ ರಾತ್ರಿ ಐಸಿಯು ಹಾಸಿಗೆ ಬೇಕೇ ಬೇಕು. ದೇಶದ ಐಸಿಯುಗಳೆಲ್ಲ ತುಂಬಿ ಹೊರಗೆ ಸಾಲು ನಿಂತಿದ್ದ ಆ ವಾರಗಳಲ್ಲಿ ಒಂದು ಹಾಸಿಗೆಯನ್ನು ಕ್ಯಾನ್ಸರ್ ಆಪರೇಷನ್ನಿಗೆಂದು ಖಾಲಿ ಇಡುವುದು ಎಷ್ಟು ಕಠಿಣ ತೀರ್ಮಾನ ಎಂದು ಊಹಿಸಿಕೊಳ್ಳಿ. ಸಾಮಾನ್ಯ ಆಸ್ಪತ್ರೆಯೊಂದರ ಭಾಗವಾಗಿದ್ದ ಕ್ಯಾನ್ಸರ್ ವಿಭಾಗಗಳು ಇಲ್ಲಿಯೇ ಹೆಚ್ಚು ಸೋತವು. ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆಗಳಿಗೆ ತಮ್ಮ ಹಾಸಿಗೆಗಳನ್ನು ಕಾಪಾಡಿಕೊಳ್ಳಲು ಸಾಧ್ಯವಾಯಿತು.

ಅಷ್ಟರಲ್ಲಿ ಇನ್ನೊಂದು ತಿಳಿವಳಿಕೆಯೂ ಬಂದಿತ್ತು. 116 ದೇಶಗಳ 1,40,231 ರೋಗಿಗಳ ಅಧ್ಯಯನದ ಪ್ರಕಾರ ಕೋವಿಡ್ ಬಂದುಹೋದ ಮೇಲೆ ಏಳು ವಾರ ಕಾದು ಆಪರೇಷನ್ ಮಾಡಿದರೆ ಸಾವಿನ ಅಪಾಯ ಮಾಮೂಲಿಗೆ ಇಳಿಯುತ್ತದೆ. ಹರ್ನಿಯಾ ಇದ್ದವರಿಗೆ ಏಳು ವಾರ ದೊಡ್ಡದಲ್ಲ. ನಾಲಿಗೆಯ ಕ್ಯಾನ್ಸರ್ ಇರುವವರಿಗೆ ಅದು ಎರಡು ಅಪಾಯಗಳ ತೂಕ. ಆ ತೂಕ ಹಾಕುವ ಕೆಲಸ ಯಂತ್ರದ್ದಲ್ಲ, ರೋಗಿಯ ಎದುರು ಕುಳಿತ ವೈದ್ಯರದು.

ತಡವಾದದ್ದರ ಬೆಲೆ

ಮತ್ತೆ ಆ 41 ಆಸ್ಪತ್ರೆಗಳ ಲೆಕ್ಕಕ್ಕೆ ಬರೋಣ. ಮೂರು ತಿಂಗಳಲ್ಲಿ ದೊಡ್ಡ ಆಪರೇಷನ್‌ಗಳು 17,120ರಿಂದ 8,677ಕ್ಕೆ ಇಳಿದವು, ಶೇ. 49ರಷ್ಟು ಕಡಿಮೆ. ಹಗಲು ಬಂದು ಪಡೆದುಹೋಗುವ ಕೀಮೋ ಶೇ. 37, ವಿಕಿರಣ ಶೇ. 23 ಇಳಿಯಿತು. ಮೂರರಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಆಪರೇಷನ್ನಿಗೆ. ಇದರಲ್ಲಿ ಅಚ್ಚರಿಯಿಲ್ಲ. ಆಪರೇಷನ್ನಿಗೆ ಏಕಕಾಲಕ್ಕೆ ಬೇಕಾಗುವಷ್ಟು ಜನ, ಸಾಧನ, ರಕ್ತ, ಹಾಸಿಗೆ ಬೇರೆ ಯಾವ ಚಿಕಿತ್ಸೆಗೂ ಬೇಡ. ತೇರಿನ ಹಗ್ಗಕ್ಕೆ ಎಲ್ಲರೂ ಒಮ್ಮೆಗೇ ಕೈ ಹಾಕಿದರೆ ಮಾತ್ರ ಗಾಲಿ ಉರುಳುವಂತೆ, ಅರಿವಳಿಕೆಯವರಿಂದ ಹಿಡಿದು ಬಟ್ಟೆ ಒಗೆಯುವವರವರೆಗೆ ಎಲ್ಲರೂ ಇದ್ದರೆ ಮಾತ್ರ ಥಿಯೇಟರ್ ನಡೆಯುತ್ತದೆ.

ತಡವಾದರೆ ಏನಾಗುತ್ತದೆ? 12 ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿದ್ದ 34 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರ ನವೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಉತ್ತರ ಕೊಟ್ಟಿತು. ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದಷ್ಟಕ್ಕೂ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ. ಕೋವಿಡ್‌ಸರ್ಜ್ ಕೂಟ 61 ದೇಶಗಳ 20,006 ರೋಗಿಗಳನ್ನು ಹಿಂಬಾಲಿಸಿತು. ಎಲ್ಲರಿಗೂ ಗುಣವಾಗುವ ಆಸೆಯಿಂದ ಆಪರೇಷನ್ ಗೊತ್ತಾಗಿತ್ತು. ಅವರಲ್ಲಿ ಹತ್ತರಲ್ಲೊಬ್ಬರಿಗೆ ಅದು ನಡೆಯಲೇ ಇಲ್ಲ. ಪೂರ್ಣ ಲಾಕ್‌ಡೌನ್ ಇದ್ದ ಕಡೆ ಏಳರಲ್ಲೊಬ್ಬರಿಗೆ ನಡೆಯಲಿಲ್ಲ. ಈ ಲೆಕ್ಕದಲ್ಲಿರುವವರು ಕೂಡ ರೋಗ ಪತ್ತೆಯಾಗಿ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬಂದವರು. ರೋಗ ಪತ್ತೆಯೇ ಆಗದವರು ಯಾವ ಪಟ್ಟಿಯಲ್ಲೂ ಇಲ್ಲ. ಭಾರತದ ಆ 41 ಕೇಂದ್ರಗಳಲ್ಲಿ ಶೇ. 70ಕ್ಕೂ ಹೆಚ್ಚು ಕಡೆ ತಪಾಸಣಾ ಶಿಬಿರಗಳು ನಿಂತಿದ್ದವು ಅಥವಾ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಗೆ ಇಳಿದಿದ್ದವು.

ಮತ್ತೊಮ್ಮೆ ಬಂದರೆ

ಹೊರಗೆ ಬಂದಾಗ ಬಿಸಿಲು ಏರಿತ್ತು. ಔಷಧದಂಗಡಿಗಳ ಮುಂದೆ ನೂಕುನುಗ್ಗಲು. ಹೊಸ ಟ್ಯಾಕ್ಸಿಗಳಿಂದ ಹೊಸ ಲಕೋಟೆಗಳು ಇಳಿಯುತ್ತಿದ್ದವು. ಈ ದಾರಿ ನಡೆದು ನನಗೆ ಸ್ಪಷ್ಟವಾದದ್ದು ಇಷ್ಟು: ಸಾಂಕ್ರಾಮಿಕದಲ್ಲಿ ಕ್ಯಾನ್ಸರ್ ಆಪರೇಷನ್ ಸೋತದ್ದು ಸರ್ಜನ್ನರ ಕೈಯಲ್ಲಿ ಅಲ್ಲ. ರೈಲು, ವಸತಿ, ಪರೀಕ್ಷೆ, ರಕ್ತ, ಹಾಸಿಗೆ, ಇವುಗಳಲ್ಲಿ ಒಂದೊಂದು ಕೊಂಡಿ ಕಳಚಿದಾಗಲೂ ಥಿಯೇಟರಿನ ಪಟ್ಟಿಯಿಂದ ಒಂದಿಷ್ಟು ಹೆಸರುಗಳು ಅಳಿಸಿಹೋದವು. ಆದ್ದರಿಂದ ಮುಂದಿನ ಸಲದ ಸಿದ್ಧತೆಯೂ ಆ ಕೊಂಡಿಗಳಿಂದಲೇ ಶುರುವಾಗಬೇಕು.

ಎಲ್ಲವನ್ನೂ ಮುಚ್ಚಬೇಕಾಗಿ ಬಂದರೂ ಕ್ಯಾನ್ಸರ್ ರೋಗಿಯ ಆಸ್ಪತ್ರೆ ಚೀಟಿಯೇ ಪ್ರಯಾಣದ ಪಾಸ್ ಆಗಬೇಕು, ಅವರಿಗೊಂದು ಬಸ್ಸು, ಒಂದು ಬೋಗಿ ಮೀಸಲಿರಬೇಕು. ಆಸ್ಪತ್ರೆಯ ಸುತ್ತ ತಂಗುವವರಿಗೆ ಸೂರು ಒದಗಿಸುವುದು ದಾನವಲ್ಲ, ಚಿಕಿತ್ಸೆಯ ಭಾಗ ಎಂದು ಆಯವ್ಯಯದಲ್ಲೇ ಬರೆದಿಡಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲವಾದರೂ ಥಿಯೇಟರ್, ಕೆಲವಾದರೂ ಐಸಿಯು ಹಾಸಿಗೆಗಳನ್ನು ಎಂಥ ಅಲೆ ಬಂದರೂ ಮುಟ್ಟದಂತೆ ಗುರುತಿಸಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆ ಊರಿನ ಹತ್ತಿರ ಬರಬೇಕು. ಟಾಟಾ ಸ್ಮಾರಕ ಕೇಂದ್ರವೇ ವಾರಾಣಸಿ, ಸಂಗರೂರು, ವಿಶಾಖಪಟ್ಟಣಗಳಲ್ಲಿ ಆಸ್ಪತ್ರೆ ನಡೆಸುತ್ತಿರುವುದು ಇದನ್ನು ಅರಿತೇ. ನಮ್ಮಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲಿ ಘಟಕವಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಇಂಥ ಕಡೆಗಳಲ್ಲಿ ದವಡೆಯ ಆಪರೇಷನ್ ಮಾಡಿ ಮುಖವನ್ನು ಮತ್ತೆ ಕಟ್ಟಿಕೊಡಬಲ್ಲ ಸರ್ಜನ್ನರು, ಅರಿವಳಿಕೆಯವರು, ನರ್ಸುಗಳು ಸಾಕಷ್ಟು ಮಂದಿ ನೆಲೆಸುವಂತಾದರೆ ಯಾದಗಿರಿಯ ರೈತ ದಾದರ್‌ನಲ್ಲಿ ಇಳಿಯಬೇಕಾಗಿಲ್ಲ.

ಮತ್ತೊಂದು ಸಾಂಕ್ರಾಮಿಕ ಬರುತ್ತದೆಯೇ ಎಂದು ಪರೇಲ್‌ನಲ್ಲಿ ನಿಂತು ಕೇಳಬೇಕಾಗಿಲ್ಲ. 1896ರ ಪ್ಲೇಗನ್ನೂ 2020ರ ಕೊರೊನಾವನ್ನೂ ಕಂಡ ಬಡಾವಣೆ ಇದು. ಬಂದಾಗ, ಅದರ ಜೊತೆಗೇ ಯಾರದೋ ನಾಲಿಗೆಯಲ್ಲಿ, ಯಾರದೋ ಎದೆಯಲ್ಲಿ ಗಡ್ಡೆಯೊಂದು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಅವರನ್ನು ಥಿಯೇಟರಿನ ಬಾಗಿಲವರೆಗೆ ಕರೆತರುವ ಏರ್ಪಾಡನ್ನು ಸೋಂಕು ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಮಾಡುವುದಾದರೆ ಆ ಕೆಲಸ ಈಗ, ಊರು ಆರೋಗ್ಯವಾಗಿರುವಾಗಲೇ ಆಗಬೇಕು.